ಆಗಾಗ ಕೈಕೊಡುವ ಕಾರು: ಸ್ಟಾರ್ಟ್ ಆಗದಂತೆ ಮಾಡುವ ವಿದ್ಯುತ್ ದೋಷವನ್ನು ಹಂತಹಂತವಾಗಿ ಪತ್ತೆ ಹಚ್ಚುವುದು

ಪೂರ್ತಿ ಕೆಟ್ಟು ನಿಂತ ಕಾರನ್ನು ರಿಪೇರಿ ಮಾಡುವುದು ಸುಲಭ. ಕಷ್ಟ ಕೊಡುವುದು ವಾರಕ್ಕೊಮ್ಮೆ ಕೈಕೊಟ್ಟು, ಗ್ಯಾರೇಜಿಗೆ ಒಯ್ದರೆ ಮೊದಲ ಸಲ ಸೆಲ್ಫ್ ಹೊಡೆದಾಗಲೇ ಸ್ಟಾರ್ಟ್ ಆಗುವ ಕಾರು. ಇಂಥ ಕಾರಿಗೆ ಮೊದಲು ಹೊಸ ಬ್ಯಾಟರಿ ಬೀಳುತ್ತದೆ, ಆಮೇಲೆ ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರ್, ಅದೂ ಆದಮೇಲೆ ಇಗ್ನಿಷನ್ ಸ್ವಿಚ್ಚು. ಸಾವಿರಾರು ರೂಪಾಯಿ ಹೋದಮೇಲೂ ದೋಷ ಇದ್ದಲ್ಲೇ ಇರುತ್ತದೆ. ಕೊನೆಗೆ ನೋಡಿದರೆ ತೊಂದರೆ ಇದ್ದದ್ದು ಬ್ಯಾಟರಿ ನೆಗೆಟಿವ್‌ನಿಂದ ಕಾರಿನ ಲೋಹದ ಮೈಗೆ (ಬಾಡಿ) ಬಿಗಿದ ಅರ್ಥ್ ವೈರಿನ ತುಕ್ಕು ಹಿಡಿದ ತುದಿಯಲ್ಲಿ.

ಬಂದು ಹೋಗುವ ದೋಷವನ್ನು ಹಿಡಿಯಲು ಎರಡು ಮಾತು ನೆನಪಿರಬೇಕು. ದೋಷ ಕಾಣಿಸಿಕೊಂಡ ಹೊತ್ತಿನಲ್ಲೇ ಅಳೆಯಬೇಕು. ಮತ್ತು ಕರೆಂಟು ಹರಿಯುತ್ತಿರುವಾಗಲೇ ಅಳೆಯಬೇಕು. ಕಾರು ಸರಿಯಿದ್ದಾಗ, ಎಲ್ಲವೂ ಆಫ್ ಆಗಿದ್ದಾಗ ಮೀಟರ್ ಇಟ್ಟರೆ ಕೊಳೆತ ವೈರು ಕೂಡ 12 ವೋಲ್ಟ್ ತೋರಿಸುತ್ತದೆ.

ಇಲ್ಲಿ ಹೇಳಿರುವುದು ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಓಡುವ 12 ವೋಲ್ಟಿನ ಪೆಟ್ರೋಲ್ ಕಾರುಗಳಿಗೆ, ಅಂದರೆ ಆಲ್ಟೊ, ವ್ಯಾಗನ್ಆರ್, ಸ್ವಿಫ್ಟ್, ಐ10ರಂಥ ಗಾಡಿಗಳಿಗೆ. ಡೀಸೆಲ್‌ಗೂ ಬಹುಪಾಲು ಇದೇ ಕ್ರಮ, ಬ್ಯಾಟರಿ ಮಾತ್ರ ದೊಡ್ಡದು, ಕರೆಂಟು ಹೆಚ್ಚು. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮಾತ್ರ ಮನೆಯಲ್ಲಿ ಯಾರೂ ಮುಟ್ಟಬಾರದು. ಅದರಲ್ಲಿರುವುದು ಪ್ರಾಣ ತೆಗೆಯುವ ವೋಲ್ಟೇಜು.

ಬೇಕಾದ ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್. ಅದರಲ್ಲಿ ಮಿನ್–ಮ್ಯಾಕ್ಸ್ ಬಟನ್ ಇದ್ದರೆ ಒಬ್ಬರೇ ಕೆಲಸ ಮಾಡಬಹುದು: ಮೀಟರ್ ಸಿಕ್ಕಿಸಿ ಒಳಗೆ ಹೋಗಿ ಸೆಲ್ಫ್ ಹೊಡೆದು, ವಾಪಸ್ ಬಂದು ಅತಿ ಕಡಿಮೆ ವೋಲ್ಟೇಜ್ ಎಷ್ಟಿತ್ತೆಂದು ನೋಡಬಹುದು. ಮೀಟರಿಗೆ ಮೊಸಳೆ ಕ್ಲಿಪ್ಪಿನ ಮೂರು ಮೀಟರ್ ಉದ್ದದ ಎರಡು ವೈರು. ಒಂದು ಟೆಸ್ಟ್ ಲ್ಯಾಂಪ್. ಅಂಗಡಿಯ ಎಲ್‌ಇಡಿ ಟೆಸ್ಟರ್ ಬೇಡ, ಇಂಡಿಕೇಟರಿಗೆ ಹಾಕುವ 12 ವೋಲ್ಟ್ 21 ವ್ಯಾಟ್ ಬಲ್ಬಿಗೆ ಎರಡು ವೈರು ಬೆಸೆದುಕೊಂಡರೆ ಸಾಕು. 10 ನಂಬರ್ ಮತ್ತು 12 ನಂಬರ್ ಸ್ಪ್ಯಾನರ್, ವೈರ್ ಬ್ರಷ್, ಎಮರಿ ಪೇಪರ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಪೆಟ್ರೋಲಿಯಂ ಜೆಲ್ಲಿ, ನಿಮ್ಮ ಕಾರಿನದೇ ಮಾದರಿಯ ಒಂದು ಹೊಸ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸುವ ಸ್ವಿಚ್ಚು). ಕಾರಿನ ಕಂಪ್ಯೂಟರಿನ ದೋಷದ ಕೋಡ್ ಓದಿ ಫೋನಿನಲ್ಲಿ ತೋರಿಸುವ ಓಬಿಡಿ ಡಾಂಗಲ್ ಇದ್ದರೆ ಕೊನೆಯ ಭಾಗ ಹಗುರವಾಗುತ್ತದೆ.

ಬಲ್ಬಿನ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. 21 ವ್ಯಾಟಿನ ಬಲ್ಬು ಸುಮಾರು 1.75 ಆಂಪ್ ಎಳೆಯುತ್ತದೆ. ಮಲ್ಟಿಮೀಟರ್ ಹೆಚ್ಚುಕಡಿಮೆ ಏನನ್ನೂ ಎಳೆಯುವುದಿಲ್ಲ. ಇಪ್ಪತ್ತು ಎಳೆಯ ವೈರಿನಲ್ಲಿ ಹತ್ತೊಂಬತ್ತು ತುಂಡಾಗಿ, ಉಳಿದ ಒಂದೂ ಕಿಲುಬು ಹಿಡಿದಿದ್ದರೂ ಮೀಟರ್ 12.4 ಎಂದೇ ಹೇಳುತ್ತದೆ. ಅದೇ ಜಾಗಕ್ಕೆ ಬಲ್ಬು ಹಿಡಿದರೆ ಮಂಕಾಗಿ ಕೆಂಪಗೆ ಉರಿಯುತ್ತದೆ, ಇಲ್ಲವೇ ಉರಿಯುವುದೇ ಇಲ್ಲ. ದಪ್ಪ ವೈರು, ಫ್ಯೂಸು, ರಿಲೇಗಳ ಹತ್ತಿರ ಬಲ್ಬೇ ಒಳ್ಳೆಯ ಸಾಕ್ಷಿ. ಆದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಸೆನ್ಸರ್ ವೈರುಗಳಿಗೆ ಬಲ್ಬು ಹಿಡಿಯಬೇಡಿ, ಅಷ್ಟು ಕರೆಂಟು ಎಳೆದರೆ ಇಸಿಯು ಸುಟ್ಟುಹೋಗಬಹುದು. ಹಳದಿ ಬಣ್ಣದ ಕಪ್ಲರ್ (ವೈರುಗಳನ್ನು ಕೂಡಿಸುವ ಪ್ಲಾಸ್ಟಿಕ್ ಜೋಡಣೆ) ಏರ್‌ಬ್ಯಾಗಿನದು. ಅದಕ್ಕೆ ಮೀಟರನ್ನೂ ಬಲ್ಬನ್ನೂ ತಾಗಿಸಬಾರದು.

ಕೆಲಸಕ್ಕೆ ಮುನ್ನ ಗಾಡಿ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಮೇಲೆ. ಕೈಯ ಉಂಗುರ, ಬಳೆ, ಲೋಹದ ವಾಚು ತೆಗೆದಿಡಿ. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್.

ಮೊದಲ ಹಂತ: ಗಾಡಿ ಏನು ಹೇಳುತ್ತಿದೆ ಕೇಳಿ

'ಸ್ಟಾರ್ಟ್ ಆಗುತ್ತಿಲ್ಲ' ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ದೋಷಗಳು ಸೇರಿಕೊಂಡಿವೆ. ಇವನ್ನು ಬೇರ್ಪಡಿಸದೆ ಸ್ಪ್ಯಾನರ್ ಹಿಡಿಯಬೇಡಿ.

ಕೀ ತಿರುಗಿಸಿದಾಗ ಹೆಡ್‌ಲೈಟ್ ಹಾಕಿಕೊಂಡಿರಿ, ಯಾರಾದರೂ ಮುಂದೆ ನಿಂತು ನೋಡಲಿ. 'ಟಕಟಕಟಕ' ಎಂದು ವೇಗವಾಗಿ ಬಡಿದುಕೊಂಡು ಲೈಟು ಪೂರಾ ಮಂಕಾದರೆ ಬ್ಯಾಟರಿ ಇಳಿದಿದೆ, ಅಥವಾ ಬ್ಯಾಟರಿ ಟರ್ಮಿನಲ್ಲೇ ಸಡಿಲ. ಒಂದೇ ಒಂದು ಗಟ್ಟಿ 'ಟಕ್' ಬಂದು ಲೈಟು ಅಷ್ಟೇನೂ ಮಂಕಾಗದಿದ್ದರೆ ಸಾಲಿನಾಯ್ಡ್ (ಸೆಲ್ಫ್ ಮೋಟರಿಗೆ ಕರೆಂಟು ಕೂಡಿಸುವ ವಿದ್ಯುತ್ಕಾಂತದ ಸ್ವಿಚ್ಚು) ಎಳೆದಿದೆ, ಮೋಟರಿಗೆ ಕರೆಂಟು ದಾಟುತ್ತಿಲ್ಲ: ಸಾಲಿನಾಯ್ಡಿನ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಅಥವಾ ಕಾರ್ಬನ್ ಬ್ರಷ್ ಸವೆದಿರಬೇಕು, ಇಲ್ಲವೇ ದಪ್ಪ ಕೇಬಲ್ಲಿನ ಒಂದು ತುದಿ ಕೆಟ್ಟಿರಬೇಕು. ಸದ್ದೇ ಇಲ್ಲ, ಲೈಟೂ ಮಂಕಾಗಲಿಲ್ಲ ಎಂದರೆ ಸಾಲಿನಾಯ್ಡಿಗೆ ಆಜ್ಞೆಯೇ ತಲುಪಿಲ್ಲ. ಇಗ್ನಿಷನ್ ಸ್ವಿಚ್, ಕ್ಲಚ್ ಸ್ವಿಚ್ (ಕ್ಲಚ್ ಒತ್ತಿದಾಗ ಮಾತ್ರ ಕೂಡುವುದು), ರಿಲೇ, ಫ್ಯೂಸ್, ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಸ್ಟಾರ್ಟ್ ಆಗದಂತೆ ತಡೆಯುವುದು) ಇವುಗಳಲ್ಲಿ ಹುಡುಕಬೇಕು. ಎಂಜಿನ್ ಚೆನ್ನಾಗಿ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ ಎಂದರೆ ಸೆಲ್ಫಿನ ಭಾಗಕ್ಕೆ ಕೈ ಹಾಕುವ ಅಗತ್ಯವೇ ಇಲ್ಲ.

ಜೊತೆಗೆ ಒಂದು ಚೀಟಿ ಡ್ಯಾಶ್‌ಬೋರ್ಡಿನಲ್ಲಿಡಿ. ಪ್ರತಿ ಸಲ ಕೈಕೊಟ್ಟಾಗ ಎಂಜಿನ್ ಬಿಸಿಯೋ ತಣ್ಣಗೋ, ಮಳೆ ಬಂದಿತ್ತೋ, ಗಾಡಿ ಎಷ್ಟು ಹೊತ್ತು ನಿಂತಿತ್ತು, ಏನು ಮಾಡಿದಮೇಲೆ ಸ್ಟಾರ್ಟ್ ಆಯಿತು, ಇಷ್ಟು ಬರೆಯಿರಿ. ನಾಲ್ಕು ಸಲದ ಟಿಪ್ಪಣಿ ಸೇರಿದರೆ ಅರ್ಧ ದಾರಿ ತಾನಾಗಿ ತೆರೆದುಕೊಳ್ಳುತ್ತದೆ. ಮೂರು ದಿನ ನಿಂತಮೇಲೆ ಮಾತ್ರ ಕೆಡುವುದು ಬ್ಯಾಟರಿಯ ಕರೆಂಟು ಸೋರಿಕೆ. ಬಿಸಿ ಎಂಜಿನ್ನಿನಲ್ಲಿ ಕೆಟ್ಟು ಅರ್ಧ ಗಂಟೆ ಬಿಟ್ಟರೆ ಸರಿಹೋಗುವುದು ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವುದು), ರಿಲೇಯ ಬೆಸುಗೆ ಅಥವಾ ಸಾಲಿನಾಯ್ಡ್. ಕ್ಲಚ್ ಎರಡು ಸಲ ಒತ್ತಿದರೆ ಸರಿಹೋಗುವುದು ಕ್ಲಚ್ ಸ್ವಿಚ್.

ತಳ್ಳಿ ಸ್ಟಾರ್ಟ್ ಮಾಡಿ ನೋಡುವುದೂ ಒಂದು ಪರೀಕ್ಷೆಯೇ. ಕೀ ಇರುವ, ಮ್ಯಾನುಯಲ್ ಗೇರಿನ ಕಾರು ತಳ್ಳಿದರೆ ಹತ್ತಿಕೊಂಡಿತು ಎಂದರೆ ಇಸಿಯು, ಪೆಟ್ರೋಲ್ ಪಂಪ್, ಇಗ್ನಿಷನ್ ಕಾಯಿಲ್ ಎಲ್ಲ ಸರಿ. ದೋಷ ಎಂಜಿನ್ ತಿರುಗಿಸುವ ಭಾಗದಲ್ಲೇ ಇದೆ.

ಎರಡನೇ ಹಂತ: ಬ್ಯಾಟರಿಯನ್ನು ಪ್ರಾಮಾಣಿಕವಾಗಿ ಅಳೆಯಿರಿ

ಗಾಡಿ ಈಗಷ್ಟೇ ಓಡಿ ಬಂದಿದ್ದರೆ ಬ್ಯಾಟರಿಯ ಮೇಲ್ಪದರದಲ್ಲಿ ಹುಸಿ ಚಾರ್ಜ್ ಇರುತ್ತದೆ. ಎರಡು ನಿಮಿಷ ಹೆಡ್‌ಲೈಟ್ ಹಾಕಿ ಆರಿಸಿ, ಐದು ನಿಮಿಷ ಬಿಟ್ಟು ಅಳೆಯಿರಿ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಅಳೆಯುವುದು ಇನ್ನೂ ಒಳ್ಳೆಯದು. 12.6 ಅಥವಾ ಹೆಚ್ಚಿದ್ದರೆ ಪೂರ್ತಿ ಚಾರ್ಜ್, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ.

ಚಾರ್ಜ್ ಇರುವುದು ಬೇರೆ, ತಾಕತ್ತು ಇರುವುದು ಬೇರೆ. ಇದಕ್ಕೆ ಪೆಟ್ರೋಲ್ ಪಂಪಿನ ಫ್ಯೂಸ್ ಅಥವಾ ರಿಲೇ ತೆಗೆದು, ಎಂಜಿನ್ ಹತ್ತಿಕೊಳ್ಳದಂತೆ ಮಾಡಿ, ಮೀಟರನ್ನು ನೇರವಾಗಿ ಬ್ಯಾಟರಿಯ ಸೀಸದ ಕಂಬಗಳಿಗೇ ಹಿಡಿದು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಚಾರ್ಜ್ ಆಗಿರುವ ಒಳ್ಳೆಯ ಬ್ಯಾಟರಿ 10 ವೋಲ್ಟಿನ ಮೇಲೆ ನಿಲ್ಲುತ್ತದೆ. 9.6ಕ್ಕಿಂತ ಕೆಳಗೆ ಬಿದ್ದು ಇಳಿಯುತ್ತಲೇ ಹೋದರೆ ಒಂದು ಸೆಲ್ ಹೋಗಿದೆ, ಇಲ್ಲವೇ ಸೆಲ್ಫ್ ಮೋಟರ್ ಜಾಸ್ತಿ ಕರೆಂಟು ಎಳೆಯುತ್ತಿದೆ. ಬೇರೆ ಒಳ್ಳೆಯ ಬ್ಯಾಟರಿ ಇಟ್ಟು ಇದೇ ಪರೀಕ್ಷೆ ಮಾಡಿದರೆ ಯಾವುದೆಂದು ತಿಳಿಯುತ್ತದೆ. ಹತ್ತು ಸೆಕೆಂಡಿಗಿಂತ ಹೆಚ್ಚು ಒಂದೇ ಸಮ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ. ಮೋಟರಿನ ಸುರುಳಿ ಬೇಗ ಬಿಸಿಯಾಗುತ್ತದೆ.

ಬದಲಿಸುವುದಾದರೆ ಹಳೆಯದರ ಮೇಲಿನ ನಂಬರೇ ನೋಡಿ ತನ್ನಿ. ಚಿಕ್ಕ ಪೆಟ್ರೋಲ್ ಕಾರುಗಳಿಗೆ 35 ಆಂಪ್-ಅವರ್ ಸಾಮಾನ್ಯ. ಟರ್ಮಿನಲ್ ಎಡಕ್ಕೋ ಬಲಕ್ಕೋ, ಕಂಬ ದಪ್ಪವೋ ಸಣ್ಣದೋ ಎಂಬುದು ಮುಖ್ಯ. ದಪ್ಪ ಕ್ಲ್ಯಾಂಪನ್ನು ಸಣ್ಣ ಕಂಬಕ್ಕೆ ತಗಡು ತುರುಕಿ ಬಿಗಿಯುವುದು ಮರಳಿ ಮರಳಿ ಬರುವ ದೋಷಕ್ಕೆ ನೀವೇ ಬಾಗಿಲು ತೆರೆದಂತೆ. ಸಿಗ್ನಲಿನಲ್ಲಿ ತಾನಾಗಿ ಆಫ್ ಆಗುವ ಎಂಜಿನ್ ಇರುವ ಕಾರಿಗೆ ಅದೇ ಬಗೆಯ, ಅಂದರೆ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯೇ ಬೇಕು.

ಮೂರನೇ ಹಂತ: ವೋಲ್ಟೇಜ್ ಡ್ರಾಪ್, ಅಂದರೆ ಕಳ್ಳ ಎಲ್ಲಿದ್ದಾನೆ ಎಂದು ನೋಡುವುದು

ಈ ಒಂದು ಪರೀಕ್ಷೆಯನ್ನು ಬಿಟ್ಟಿದ್ದಕ್ಕೇ ಸರಿಯಿರುವ ಬಹಳಷ್ಟು ಸೆಲ್ಫ್ ಮೋಟರುಗಳು ಗುಜರಿಗೆ ಹೋಗುತ್ತವೆ. ಆದ್ದರಿಂದ ನಿಧಾನವಾಗಿ ಹೋಗೋಣ.

ಚಿಕ್ಕ ಪೆಟ್ರೋಲ್ ಎಂಜಿನ್ ತಿರುಗಿಸಲು ಸೆಲ್ಫ್ ಸುಮಾರು 100ರಿಂದ 150 ಆಂಪ್ ಎಳೆಯುತ್ತದೆ. ಡೀಸೆಲ್ ಇದರ ದುಪ್ಪಟ್ಟೋ ಇನ್ನೂ ಹೆಚ್ಚೋ. ದಾರಿಯಲ್ಲಿ ಎಲ್ಲೋ ಒಂದು ತುಕ್ಕಿನ ಜಾಗದಲ್ಲಿ ಕೇವಲ 0.01 ಓಮ್ ತಡೆ ಇದೆ ಎಂದುಕೊಳ್ಳಿ. 120 ಆಂಪ್ ಅದರ ಮೂಲಕ ಹೋಗುವಾಗ 1.2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ, 144 ವ್ಯಾಟ್ ಶಾಖವಾಗುತ್ತದೆ. ಈ 0.01 ಓಮನ್ನು ಮೀಟರಿನ ಓಮ್ ರೇಂಜಿನಲ್ಲಿ ಕಾಣಲು ಸಾಧ್ಯವೇ ಇಲ್ಲ. ಮೀಟರಿನ ಎರಡು ಲೀಡುಗಳೇ 0.2 ಓಮ್ ಇರುತ್ತವೆ. 'ಕಂಟಿನ್ಯುಯಿಟಿ ಇದೆ, ಬೀಪ್ ಬಂತು' ಎಂದು ಕೇಬಲ್ ಸರಿಯಿದೆಯೆಂದು ತೀರ್ಮಾನಿಸುವುದು ಇದಕ್ಕೇ ತಪ್ಪು.

ಮೀಟರನ್ನು ಡಿಸಿ ವೋಲ್ಟ್ ರೇಂಜಿಗೆ ಇಡಿ. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದೇ ಇರಲಿ. ಪ್ರತಿ ಅಳತೆಯೂ ಸೆಲ್ಫ್ ಹೊಡೆಯುತ್ತಿರುವಾಗಲೇ ಆಗಬೇಕು.

1. ಪಾಸಿಟಿವ್ ದಾರಿ: ಒಂದು ಲೀಡ್ ಬ್ಯಾಟರಿ ಪಾಸಿಟಿವ್ ಕಂಬದ ನೆತ್ತಿಗೆ (ಕ್ಲ್ಯಾಂಪಿಗಲ್ಲ, ಸೀಸಕ್ಕೆ), ಇನ್ನೊಂದು ಸೆಲ್ಫ್ ಮೋಟರಿನ ದಪ್ಪ ಕೇಬಲಿನ ಬೋಲ್ಟಿಗೆ. 0.3 ವೋಲ್ಟಿನೊಳಗೆ ಇದ್ದರೆ ಚೆನ್ನ, 0.5 ದಾಟಿದರೆ ದೋಷವಿದೆ.

2. ಸಾಲಿನಾಯ್ಡ್: ಒಂದು ಲೀಡ್ ಆ ದಪ್ಪ ಬೋಲ್ಟಿಗೇ, ಇನ್ನೊಂದು ಸಾಲಿನಾಯ್ಡಿನಿಂದ ಮೋಟರಿನೊಳಗೆ ಹೋಗುವ ಬೋಲ್ಟಿಗೆ. ಸೆಲ್ಫ್ ಹೊಡೆಯುವಾಗ 0.2ರೊಳಗೆ ಇರಬೇಕು. 'ಟಕ್' ಎಂದರೂ ಇಲ್ಲಿ ಪೂರಾ 12 ವೋಲ್ಟೇ ತೋರಿಸಿದರೆ ಒಳಗಿನ ಕಾಂಟ್ಯಾಕ್ಟ್ ಕೂಡುತ್ತಿಲ್ಲ.

3. ಅರ್ಥ್ ದಾರಿ: ಒಂದು ಲೀಡ್ ಬ್ಯಾಟರಿ ನೆಗೆಟಿವ್ ಕಂಬದ ನೆತ್ತಿಗೆ, ಇನ್ನೊಂದು ಸೆಲ್ಫ್ ಮೋಟರಿನ ಬರಿ ಲೋಹದ ಮೈಗೆ. 0.2ರಿಂದ 0.3ರೊಳಗೆ ಇರಬೇಕು.

4. ಬಾಡಿ: ನೆಗೆಟಿವ್ ಕಂಬದಿಂದ ಬಾನೆಟ್ ಒಳಗಿನ ಬಣ್ಣವಿಲ್ಲದ ಬಾಡಿ ಬೋಲ್ಟಿಗೆ. 0.1ರ ಆಸುಪಾಸು.

ಯಾವ ದಾರಿಯಲ್ಲಿ ಹೆಚ್ಚು ಬಂತೋ ಅದನ್ನು ತುಂಡುಮಾಡುತ್ತಾ ಬನ್ನಿ. ಅರ್ಥ್ ದಾರಿಯಲ್ಲಿ 0.9 ಬಂತೆನ್ನಿ. ಕಂಬದಿಂದ ಕ್ಲ್ಯಾಂಪಿಗೆ ಅಳೆಯಿರಿ: 0.02. ಕ್ಲ್ಯಾಂಪಿನಿಂದ ಗೇರ್‌ಬಾಕ್ಸಿನ ಬೋಲ್ಟಿನ ಹತ್ತಿರದ ಕೇಬಲ್ ಲಗ್‌ಗೆ (ಕೇಬಲಿನ ತುದಿಯ ಲೋಹದ ಉಂಗುರ): 0.08. ಲಗ್‌ನಿಂದ, ಅದು ಕೂತಿರುವ ಗೇರ್‌ಬಾಕ್ಸಿನ ಮೈಗೆ: 0.75. ಲಗ್ಗೂ ಗೇರ್‌ಬಾಕ್ಸೂ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ, ಬೋಲ್ಟೂ ಬಿಗಿಯಾಗಿರುತ್ತದೆ. ಆದರೆ ನಡುವೆ ಅಲ್ಯುಮಿನಿಯಂನ ಬಿಳಿ ಪುಡಿ ಒಂದು ಪದರ ಕೂತಿದೆ. ಬೋಲ್ಟ್ ಬಿಚ್ಚಿ, ಎರಡೂ ಮುಖವನ್ನು ಎಮರಿ ಪೇಪರಿನಲ್ಲಿ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಜೆಲ್ಲಿ ಬಿಗಿದ ಮೇಲೆ, ಹೊರಗಿನಿಂದ ಮಾತ್ರ. ಮತ್ತೆ ಅಳೆದಾಗ 0.05 ಬಂದರೆ ಕೆಲಸ ಆಯಿತು.

ಕೇಬಲ್ ಲಗ್‌ನ ಬುಡದಲ್ಲಿ ರಬ್ಬರ್ ಉಬ್ಬಿದ್ದರೆ, ಒತ್ತಿದಾಗ ಗರಿಗರಿ ಎಂದರೆ, ಒಳಗೆ ತಾಮ್ರ ಹಸಿರು ಪುಡಿಯಾಗಿದೆ. ಅದನ್ನು ಉಜ್ಜಿ ಪ್ರಯೋಜನವಿಲ್ಲ, ಕೇಬಲ್ ಬದಲಿಸಿ. ಅರ್ಥ್ ಕೇಬಲ್ ಚಿಕ್ಕ ಪೆಟ್ರೋಲ್ ಕಾರಿಗೆ 16 ಅಥವಾ 25 ಚದರ ಮಿಲಿಮೀಟರ್ ತಾಮ್ರದ್ದು ಇರಲಿ.

ಬ್ಯಾಟರಿ ಟರ್ಮಿನಲ್ ಮೇಲಿನ ಬಿಳಿ-ನೀಲಿ ಪುಡಿಗೆ ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡ ಹಾಕಿ ಬ್ರಷ್ಷಿನಿಂದ ತೊಳೆಯಿರಿ. ಬ್ಯಾಟರಿಯ ಮುಚ್ಚಳ ಭದ್ರವಾಗಿರಲಿ, ಸೋಡ ಒಳಗೆ ಹೋದರೆ ಆಸಿಡ್ ಕೆಡುತ್ತದೆ. ಪುಡಿ ತಿಂಗಳೊಳಗೆ ಮತ್ತೆ ಕಟ್ಟಿದರೆ ಬ್ಯಾಟರಿ ಕಂಬದ ಬುಡದಲ್ಲಿ ಆಸಿಡ್ ಒಸರುತ್ತಿದೆ, ಅಥವಾ ಚಾರ್ಜಿಂಗ್ ಹೆಚ್ಚಾಗಿದೆ. ಕರಾವಳಿಯ ಕಾರುಗಳಲ್ಲಿ ಉಪ್ಪುಗಾಳಿಗೆ ಬಾಡಿ ಅರ್ಥಿನ ಬೋಲ್ಟುಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಈ ಮೂರನೇ ಹಂತವನ್ನು ವರ್ಷಕ್ಕೊಮ್ಮೆ, ದೋಷ ಇಲ್ಲದಿದ್ದರೂ ಮಾಡಬೇಕು.

ಎಲ್ಲ ಡ್ರಾಪ್ ಸರಿಯಿದ್ದು, ಬ್ಯಾಟರಿ ವೋಲ್ಟೇಜೂ ಬೀಳದೆ, ಮೋಟರ್ ಬೋಲ್ಟಿಗೆ ಕರೆಂಟು ಬಂದೂ ತಿರುಗದಿದ್ದರೆ ಆಗ ಮಾತ್ರ ಸೆಲ್ಫ್ ಬಿಚ್ಚಿಸಿ. ಕೈಕೊಟ್ಟ ಹೊತ್ತಿನಲ್ಲಿ ಮೋಟರಿನ ಮೈಗೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಹೊಡೆದುಕೊಂಡರೆ ಕಾರ್ಬನ್ ಬ್ರಷ್ ಮುಗಿದಿದೆ ಎಂದು ಹೆಚ್ಚುಕಡಿಮೆ ಖಾತ್ರಿ. ಬ್ರಷ್ ಸೆಟ್ ಹಾಕಿಸಿದರೆ ಸಾಕಾಗುತ್ತದೆ; ಕಮ್ಯುಟೇಟರ್ (ಬ್ರಷ್ ಉಜ್ಜುವ ತಾಮ್ರದ ಉರುಳೆ) ಸುಟ್ಟಿಲ್ಲವೆಂದು ನೋಡಿಕೊಂಡು ಆಮೇಲೆ ಹಾಕಿಸಿ.

ನಾಲ್ಕನೇ ಹಂತ: ಸದ್ದೇ ಇಲ್ಲದಿದ್ದರೆ ಆಜ್ಞೆಯ ದಾರಿ ಹಿಡಿಯಿರಿ

ಸಾಲಿನಾಯ್ಡಿಗೆ ಹೋಗುವ ಸಣ್ಣ ವೈರಿನ ಹೆಸರು ಬಹಳ ಕಡೆ 50ನೇ ಟರ್ಮಿನಲ್. ಕೀ ತಿರುಗಿಸಿದಾಗ ಕರೆಂಟು ಇಗ್ನಿಷನ್ ಸ್ವಿಚ್ಚಿನಿಂದ ಹೊರಟು, ಕ್ಲಚ್ ಸ್ವಿಚ್ (ಆಟೊಮ್ಯಾಟಿಕ್ ಗಾಡಿಯಲ್ಲಿ ಪಾರ್ಕ್–ನ್ಯೂಟ್ರಲ್ ಸ್ವಿಚ್) ದಾಟಿ, ಸ್ಟಾರ್ಟರ್ ರಿಲೇಯ ಸುರುಳಿಗೆ ಬರುತ್ತದೆ; ರಿಲೇ ಕೂಡಿದರೆ 50ಕ್ಕೆ ಹೋಗುತ್ತದೆ. ಹೊಸ ಗಾಡಿಗಳಲ್ಲಿ ರಿಲೇಯನ್ನು ಇಸಿಯು ಕೂಡಿಸುತ್ತದೆ. ಬಹಳ ಹಳೆಯ ಗಾಡಿಗಳಲ್ಲಿ ರಿಲೇಯೇ ಇಲ್ಲ, ಪೂರಾ ಭಾರ ಇಗ್ನಿಷನ್ ಸ್ವಿಚ್ಚಿನ ಮೇಲೆ.

ಈ ದೋಷ ವಾರಕ್ಕೊಮ್ಮೆ ಬರುತ್ತದೆ ಎನ್ನುವವರಿಗೆ ಸಹಾಯವಾಗುವ ಉಪಾಯ ಕಾವಲು ದೀಪ. 50ನೇ ಟರ್ಮಿನಲ್ ವೈರಿಗೆ 1 ಆಂಪ್ ಇನ್‌ಲೈನ್ ಫ್ಯೂಸ್ ಹಾಕಿ ಒಂದು ತೆಳು ವೈರು ಕೂಡಿಸಿ, ಬಾನೆಟ್ ಒಳಗಿನಿಂದ ಕ್ಯಾಬಿನ್ನಿಗೆ ತಂದು, 12 ವೋಲ್ಟಿನ ಚಿಕ್ಕ ಇಂಡಿಕೇಟರ್ ದೀಪವೊಂದಕ್ಕೆ ಕೊಡಿ, ದೀಪದ ಇನ್ನೊಂದು ತುದಿ ಅರ್ಥಿಗೆ. ರಿಲೇ ಸುರುಳಿಯ 86ನೇ ಕಾಲಿನಿಂದ ಇಂಥದ್ದೇ ಎರಡನೇ ದೀಪ. ಇಸಿಯು ರಿಲೇಯ ಅರ್ಥ್ ಬದಿಯನ್ನು ಕೂಡಿಸುವ ಗಾಡಿಯಲ್ಲಿ ಎರಡನೆಯದನ್ನು ವೈರಿಂಗ್ ಚಿತ್ರ ನೋಡಿ ಸ್ವಿಚ್ಚಿನ ಬದಿಯ ಕಾಲಿಗೇ ಹಾಕಬೇಕು. ಇನ್ನು ದೋಷ ಬರುವವರೆಗೆ ಗಾಡಿ ಓಡಿಸಿಕೊಂಡಿರಿ.

ಕೈಕೊಟ್ಟ ದಿನ ಕೀ ತಿರುಗಿಸಿ ಹಿಡಿದು ದೀಪ ನೋಡಿದರೆ ಉತ್ತರ ಅಲ್ಲಿಯೇ ಇದೆ. ಎರಡೂ ಉರಿದರೆ ಆಜ್ಞೆ ತಲುಪಿದೆ, ದೋಷ ಸಾಲಿನಾಯ್ಡ್ ಅಥವಾ ದಪ್ಪ ಕೇಬಲಿನದು. ಸುರುಳಿಯ ದೀಪ ಉರಿದು 50ರದು ಉರಿಯದಿದ್ದರೆ ರಿಲೇ, ರಿಲೇಯ ಫ್ಯೂಸ್ ಅಥವಾ ಸುರುಳಿಯ ಅರ್ಥ್. ಎರಡೂ ಉರಿಯದಿದ್ದರೆ ಕ್ಲಚ್ ಸ್ವಿಚ್ ಅಥವಾ ಇಗ್ನಿಷನ್ ಸ್ವಿಚ್. ಮೆಕ್ಯಾನಿಕ್ ಬರುವ ಹೊತ್ತಿಗೆ ಗಾಡಿ ಸರಿಹೋದರೂ ಚಿಂತೆಯಿಲ್ಲ, ನಿಮಗೆ ಸಾಕ್ಷಿ ಸಿಕ್ಕಿದೆ.

ರಿಲೇ ಪರೀಕ್ಷೆ ಸುಲಭ. ನಾಲ್ಕು ಕಾಲುಗಳಲ್ಲಿ 85 ಮತ್ತು 86 ಸುರುಳಿ. ಓಮ್ ಅಳೆದರೆ ಸಾಮಾನ್ಯವಾಗಿ 70ರಿಂದ 100ರ ನಡುವೆ. 30 ಮತ್ತು 87 ಕಾಂಟ್ಯಾಕ್ಟ್. ಹಾರ್ನಿನದೂ ಅದೇ ಮಾದರಿಯ ರಿಲೇ ಆಗಿದ್ದರೆ ಅದಲು ಬದಲು ಮಾಡಿ ನೋಡಿ. ದೋಷ ಹಾರ್ನಿಗೆ ಹೋದರೆ ತೀರ್ಮಾನವಾಯಿತು. ರಿಲೇ ಕೂರುವ ಸಾಕೆಟ್ಟಿನ ಹಿಡಿತ ಸಡಿಲವಾಗಿದ್ದರೆ ಎಷ್ಟು ರಿಲೇ ಬದಲಿಸಿದರೂ ಅಷ್ಟೇ. ಹಳೆಯ ರಿಲೇಯ ಒಂದು ಕಾಲು ಕಂದು ಬಣ್ಣಕ್ಕೆ ತಿರುಗಿದ್ದರೆ ಸಾಕೆಟ್ ಬಿಸಿಯಾಗಿದೆ ಎಂದೇ ಅರ್ಥ.

ಇಗ್ನಿಷನ್ ಸ್ವಿಚ್ಚಿನ ದೋಷಕ್ಕೆ ಮೊದಲ ಸುಳಿವು: ಕೀಯನ್ನು ಸ್ವಲ್ಪ ಅಲುಗಾಡಿಸಿದರೆ, ಸ್ಟಾರ್ಟ್ ಕಡೆಗೆ ಇನ್ನೂ ಒತ್ತಿ ಹಿಡಿದರೆ ಹೊಡೆದುಕೊಳ್ಳುತ್ತದೆ, ಓಡುವಾಗ ರೇಡಿಯೋ, ಬ್ಲೋವರ್ ಕಣ್ಣು ಮಿಟುಕಿಸುತ್ತವೆ. ಮನೆ, ಅಂಗಡಿ, ಬೀರುವಿನ ಕೀಗಳೆಲ್ಲ ಒಂದೇ ಗೊಂಚಲಿನಲ್ಲಿ ತೂಗುವ ಕಾರಿನಲ್ಲಿ ಸ್ವಿಚ್ ಬೇಗ ಸವೆಯುತ್ತದೆ. ಲಾಕಿನ ಹಿಂದಿನ ಪ್ಲಾಸ್ಟಿಕ್ಕಿನ ಸ್ವಿಚ್ ಭಾಗ ಮಾತ್ರ ಬೇರೆಯಾಗಿ ಸಿಗುವ ಮಾದರಿಯೇ ಹೆಚ್ಚು, ಪೂರಾ ಲಾಕ್ ಸೆಟ್ ಬೇಕಾಗಿಲ್ಲ.

ಐದನೇ ಹಂತ: ನಿಂತಲ್ಲೇ ಬ್ಯಾಟರಿ ಇಳಿಯುವುದು

ಹೊಸ ಬ್ಯಾಟರಿಯೂ ಎರಡು ಮೂರು ದಿನಕ್ಕೆ ಡೌನ್ ಆಗುತ್ತಿದ್ದರೆ ಎರಡೇ ಕಾರಣ: ತುಂಬುವುದು ಸಾಲುತ್ತಿಲ್ಲ, ಅಥವಾ ಯಾವುದೋ ಕದ್ದು ಕುಡಿಯುತ್ತಿದೆ.

ತುಂಬುವುದನ್ನು ಮೊದಲು ನೋಡಿ. ಎಂಜಿನ್ ಓಡುವಾಗ ಬ್ಯಾಟರಿ ಕಂಬದಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. ಹೆಡ್‌ಲೈಟ್, ಬ್ಲೋವರ್, ವೈಪರ್ ಎಲ್ಲ ಹಾಕಿ 2000 ಆರ್‌ಪಿಎಂನಲ್ಲಿ ಹಿಡಿದರೂ 13.5ಕ್ಕಿಂತ ಕೆಳಗೆ ಹೋಗಬಾರದು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತದೆ. ಹೊಸ ಗಾಡಿಗಳಲ್ಲಿ ಇಸಿಯು ಮೈಲೇಜಿಗಾಗಿ ಚಾರ್ಜಿಂಗನ್ನು ಬೇಕೆಂದೇ ತಗ್ಗಿಸುವುದುಂಟು. ಅಲ್ಲಿ ಹೆಡ್‌ಲೈಟ್ ಹಾಕಿದಾಗ ಏರುತ್ತದೆಯೇ ನೋಡಿ. ಇನ್ನು ಮೀಟರನ್ನು ಎಸಿ ವೋಲ್ಟಿಗೆ ಬದಲಿಸಿ ಅದೇ ಕಂಬಗಳಿಗೆ ಹಿಡಿಯಿರಿ: 0.5ಕ್ಕಿಂತ ಹೆಚ್ಚು ಬಂದರೆ ಆಲ್ಟರ್ನೇಟರಿನ (ಗ್ಯಾರೇಜಿನಲ್ಲಿ ಡೈನಮೊ ಎನ್ನುವುದು ಇದನ್ನೇ) ಡಯೋಡ್ ಹೋಗಿದೆ. ಸೋರುವ ಡಯೋಡ್ ರಾತ್ರಿ ಬ್ಯಾಟರಿಯನ್ನೂ ಖಾಲಿ ಮಾಡಬಲ್ಲದು.

ಕದ್ದು ಕುಡಿಯುವುದನ್ನು ಹಿಡಿಯುವುದು ತಾಳ್ಮೆಯ ಕೆಲಸ. ಎಲ್ಲ ಕಾರೂ ನಿಂತಾಗ ಗಡಿಯಾರ, ಅಲಾರಂ, ಇಸಿಯು ನೆನಪಿಗಾಗಿ ಸ್ವಲ್ಪ ಎಳೆಯುತ್ತವೆ. 20ರಿಂದ 50 ಮಿಲಿಆಂಪ್ ಸಹಜ. 50 ಮಿಲಿಆಂಪ್ ಎಂದರೆ ದಿನಕ್ಕೆ 1.2 ಆಂಪ್-ಅವರ್, 35ರ ಬ್ಯಾಟರಿ ಅರ್ಧಕ್ಕಿಳಿಯಲು ಎರಡು ವಾರ. ಅದೇ 400 ಮಿಲಿಆಂಪ್ ಆದರೆ ದಿನಕ್ಕೆ 9.6, ಎರಡನೇ ದಿನಕ್ಕೇ ಅರ್ಧ ಖಾಲಿ.

ಕೀ ತೆಗೆದು, ಬಾನೆಟ್ ತೆರೆದಿಟ್ಟು, ಡ್ರೈವರ್ ಬಾಗಿಲು ತೆರೆದೇ ಇರುವಾಗ ಅದರ ಲಾಕಿನ ನಾಲಿಗೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದಂತೆ ಮಾಡಿ. ಇಲ್ಲದಿದ್ದರೆ ಗಾಡಿ ನಿದ್ದೆಗೆ ಹೋಗುವುದೇ ಇಲ್ಲ. ಮೀಟರನ್ನು 10 ಆಂಪ್ ಸಾಕೆಟ್ಟಿಗೆ ಹಾಕಿ, ನೆಗೆಟಿವ್ ಕೇಬಲಿಗೂ ಕಂಬಕ್ಕೂ ನಡುವೆ ಕೂಡಿಸಿ. ಮೀಟರ್ ಹೀಗೆ ಇರುವಾಗ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹಾರುತ್ತದೆ, ಎಚ್ಚರ. ಮೊದಲಿಗೆ ಒಂದೆರಡು ಆಂಪ್ ತೋರಿಸುತ್ತದೆ. ಅರ್ಧ ಗಂಟೆ ಕಾದಮೇಲೆ ಬರುವ ಅಂಕಿಯೇ ನಿಜವಾದದ್ದು.

ಅಂಕಿ ಹೆಚ್ಚಿದ್ದರೆ ಫ್ಯೂಸುಗಳನ್ನು ಕೀಳುತ್ತಾ ಹೋಗುವುದು ಹಳೆಯ ಪದ್ಧತಿ. ಅದರಲ್ಲೊಂದು ತೊಂದರೆಯಿದೆ: ಫ್ಯೂಸ್ ಕಿತ್ತು ಹಾಕಿದರೆ ಮಲಗಿದ್ದ ಮಾಡ್ಯೂಲ್ ಎದ್ದುಬಿಡುತ್ತದೆ, ಅಥವಾ ಎಚ್ಚರವಿದ್ದದ್ದು ಸರಿಹೋಗಿ ದೋಷ ಮಾಯವಾಗುತ್ತದೆ. ಬದಲಿಗೆ ಫ್ಯೂಸನ್ನು ಕೀಳದೆ, ಅದರ ನೆತ್ತಿಯಲ್ಲಿ ಕಾಣುವ ಎರಡು ಲೋಹದ ಚುಕ್ಕೆಗಳ ನಡುವೆ ಮಿಲಿವೋಲ್ಟ್ ಅಳೆಯಿರಿ. 0.0 ಎಂದರೆ ಅಲ್ಲಿ ಕರೆಂಟು ಹರಿಯುತ್ತಿಲ್ಲ. 10 ಆಂಪಿನ ಮಿನಿ ಫ್ಯೂಸಿನಲ್ಲಿ 1 ಮಿಲಿವೋಲ್ಟ್ ಬಂದರೆ ಸುಮಾರು 130 ಮಿಲಿಆಂಪ್ ಹೋಗುತ್ತಿದೆ. ಕಳ್ಳ ಸಿಗುವುದು ಹೆಚ್ಚಾಗಿ ಹೊರಗಿನಿಂದ ಹಾಕಿಸಿದ ಸ್ಟೀರಿಯೋ, ಕ್ಯಾಮೆರಾ, ಜಿಪಿಎಸ್ ಟ್ರ್ಯಾಕರ್, ಸೆಂಟ್ರಲ್ ಲಾಕ್ ಕಿಟ್ಟುಗಳಲ್ಲಿ. ಕೀ ಆನ್ ಆದಾಗ ಮಾತ್ರ ಕರೆಂಟು ಬರುವ ವೈರಿಗೆ ಕೊಡಬೇಕಾದ್ದನ್ನು ಸದಾ ಕರೆಂಟು ಇರುವ ವೈರಿಗೆ ಕೊಟ್ಟಿರುತ್ತಾರೆ. ಡಿಕ್ಕಿಯ ದೀಪ, ಅಂಟಿಕೊಂಡ ರಿಲೇ ಆಮೇಲಿನವು. ಯಾವ ಫ್ಯೂಸಿನಲ್ಲೂ ಸಿಗದಿದ್ದರೆ ನೆಗೆಟಿವ್ ಬಿಚ್ಚಿ ಆಲ್ಟರ್ನೇಟರಿನ ದಪ್ಪ ವೈರು ತೆಗೆದು ಅದಕ್ಕೆ ಟೇಪು ಸುತ್ತಿ, ಮತ್ತೆ ಅಳೆಯಿರಿ.

ಆರನೇ ಹಂತ: ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ

ಕೀ ಆನ್ ಮಾಡಿ ಹಿಂದಿನ ಸೀಟಿನ ಬಳಿ ಕಿವಿಗೊಡಿ. ಪೆಟ್ರೋಲ್ ಪಂಪ್ ಸುಮಾರು ಎರಡು ಸೆಕೆಂಡ್ 'ಝುಂ' ಎಂದು ನಿಲ್ಲಬೇಕು. ಸದ್ದಿಲ್ಲದಿದ್ದರೆ ಪಂಪಿನ ಕಪ್ಲರಿನಲ್ಲಿ ಆ ಎರಡು ಸೆಕೆಂಡ್ ಟೆಸ್ಟ್ ಲ್ಯಾಂಪ್ ಉರಿಯುತ್ತದೆಯೇ ನೋಡಿ. ಇದು ಪೆಟ್ರೋಲಿನ ಹತ್ತಿರದ ಕೆಲಸ, ಕಿಡಿ ಹಾರದಂತೆ ಕ್ಲಿಪ್ ಮೊದಲೇ ಹಾಕಿ ಆಮೇಲೆ ಕೀ ಆನ್ ಮಾಡಿ. ಚೆಕ್ ಎಂಜಿನ್ ದೀಪವೂ ಹತ್ತದೆ, ಪಂಪೂ ಓಡದಿದ್ದರೆ ಇಸಿಯುಗೂ ಪಂಪಿಗೂ ಕರೆಂಟು ಕೊಡುವ ಮೇನ್ ರಿಲೇ ಕೂಡುತ್ತಿಲ್ಲ. 1990ರ ದಶಕದ ಹೋಂಡಾಗಳಲ್ಲಿ ಮೇನ್ ರಿಲೇಯ ಒಳಗಿನ ಬೆಸುಗೆ ಬಿರುಕು ಬಿಟ್ಟು, ಬಿಸಿಲಲ್ಲಿ ನಿಂತ ಕಾರು ಸ್ಟಾರ್ಟ್ ಆಗದೆ ಸಂಜೆ ತಣ್ಣಗಾದಾಗ ಆಗುವುದು ಹೆಸರಾದ ದೋಷ. ರಿಲೇ ತೆರೆದು ಬೆಸುಗೆಯ ಸುತ್ತ ಕೂದಲೆಳೆಯ ಉಂಗುರ ಕಂಡರೆ ಮತ್ತೆ ಬೆಸೆದರಾಯಿತು.

ಪಂಪ್ ಸರಿಯಿದ್ದರೆ ಸೆಲ್ಫ್ ಹೊಡೆಯುವಾಗ ಓಬಿಡಿ ಆ್ಯಪಿನಲ್ಲಿ ಆರ್‌ಪಿಎಂ ನೋಡಿ. ಎಂಜಿನ್ ತಿರುಗುತ್ತಿದ್ದರೂ ಅಲ್ಲಿ 0 ಎಂದಿದ್ದರೆ ಕ್ರ್ಯಾಂಕ್ ಸೆನ್ಸರಿನ ಸಂದೇಶ ಇಸಿಯುಗೆ ತಲುಪುತ್ತಿಲ್ಲ. 200ರ ಆಸುಪಾಸು ಬರಬೇಕು. ಬಿಸಿಯಾದಾಗ ಮಾತ್ರ ಕೆಟ್ಟು, ಅರ್ಧ ಗಂಟೆ ಬಿಟ್ಟರೆ ಸರಿಹೋಗುವ ಕಾರಿನಲ್ಲಿ ಮೊದಲ ಅನುಮಾನ ಇದರ ಮೇಲೆಯೇ. ಕೈಕೊಟ್ಟಾಗ ಸೆನ್ಸರಿನ ಮೇಲೆ ಒದ್ದೆ ಬಟ್ಟೆ ಎರಡು ನಿಮಿಷ ಇಟ್ಟು ಹೊಡೆದಾಗ ಹತ್ತಿಕೊಂಡರೆ ಅನುಮಾನ ಗಟ್ಟಿಯಾಯಿತು. ಪಿ0335 ಕೋಡ್ ಇದನ್ನೇ ಹೇಳುತ್ತದೆ, ಪಿ0340 ಕ್ಯಾಮ್ ಸೆನ್ಸರ್, ಪಿ0230 ಪಂಪ್ ರಿಲೇ ಸರ್ಕ್ಯೂಟ್, ಪಿ0562 ವೋಲ್ಟೇಜ್ ಕಡಿಮೆ. ಕೋಡ್ ಹೇಳುವುದು ಯಾವ ಸರ್ಕ್ಯೂಟ್ ಎಂದು ಮಾತ್ರ. ಸೆನ್ಸರ್ ಖರೀದಿಸುವ ಮುಂಚೆ ಕಪ್ಲರ್ ಬಿಚ್ಚಿ ಕಿಲುಬು, ಎಣ್ಣೆ, ಹಿಂದೆ ಸರಿದ ಪಿನ್ ಇದೆಯೇ ನೋಡಿ. ಬ್ಯಾಟರಿ ಡೌನ್ ಆದಾಗ ಒಂದೇ ಸಲಕ್ಕೆ ಏಳೆಂಟು ಕೋಡ್ ಬಂದಿದ್ದರೆ ಅವನ್ನು ಅಳಿಸಿ, ಮತ್ತೆ ಬರುವುದನ್ನು ಮಾತ್ರ ನಂಬಿ.

ಇಮೊಬಿಲೈಸರ್ ದೀಪ ಕೀ ಆನ್ ಆದಮೇಲೂ ಮಿಟುಕುತ್ತಿದ್ದರೆ ಕೀಯ ಚಿಪ್ ಓದಲಾಗುತ್ತಿಲ್ಲ. ಎರಡನೇ ಕೀ ಹಾಕಿ ನೋಡಿ. ಗೊಂಚಲಿನಲ್ಲಿ ಬೇರೆ ಗಾಡಿಯ ಚಿಪ್ ಕೀ ಇದ್ದರೆ ಬೇರ್ಪಡಿಸಿ. ಸಾಮಾನ್ಯ ಕೀಯ ಚಿಪ್ಪಿಗೆ ಸೆಲ್ ಬೇಕಿಲ್ಲ, ರಿಮೋಟ್ ಸತ್ತಿದ್ದರೂ ಗಾಡಿ ಸ್ಟಾರ್ಟ್ ಆಗಬೇಕು. ಬಟನ್ ಸ್ಟಾರ್ಟ್ ಕಾರಿನಲ್ಲಿ ರಿಮೋಟಿನ ಸೆಲ್ ಮುಗಿದಿದ್ದರೆ ರಿಮೋಟನ್ನೇ ಬಟನ್ನಿಗೆ ತಾಗಿಸಿ ಒತ್ತಿದರೆ ಬಹಳ ಮಾದರಿಗಳಲ್ಲಿ ಕೆಲಸ ಮಾಡುತ್ತದೆ.

ಇಲಿ ಮತ್ತು ಮಳೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು, ಕರಾವಳಿಯಲ್ಲಿ ಹೊಸದಾಗಿ ಶುರುವಾದ ದೋಷವಾದರೆ ಮೊದಲೇ ಇಲ್ಲಿ ನೋಡುವುದು ಜಾಣತನ. ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ಕಟ್ಟಿಕೊಂಡರೆ ನೀರು ಹೊರಗೆ ಹೋಗದೆ ಫ್ಯೂಸ್ ಬಾಕ್ಸಿನ ಕಡೆಗೋ ಕಾಲ ಬುಡದ ಕಾರ್ಪೆಟಿಗೋ ಇಳಿಯುತ್ತದೆ. ಕಾರ್ಪೆಟಿನ ಕೆಳಗೆ ಕೈಹಾಕಿ ಒತ್ತಿ ನೋಡಿ. ಇಲಿ ಕಡಿದಿರುವುದು ಎಂಜಿನ್ನಿನ ಹಿಂಬದಿಯ ವೈರಿಂಗ್‌ನಲ್ಲಿ, ಬ್ಯಾಟರಿ ಟ್ರೇ ಕೆಳಗೆ ಹೆಚ್ಚು. ಪೂರಾ ತುಂಡಾಗದೆ ಮೇಲಿನ ಪ್ಲಾಸ್ಟಿಕ್ ಮಾತ್ರ ಹೋಗಿದ್ದರೆ, ಎಂಜಿನ್ ಅಲುಗಿದಾಗ, ತೇವ ಬಂದಾಗ ಮಾತ್ರ ದೋಷ ಕೊಡುತ್ತದೆ. ಮೀಟರನ್ನು ಮಿನ್–ಮ್ಯಾಕ್ಸಿನಲ್ಲಿಟ್ಟು ವೈರಿಂಗನ್ನು ಗೇಣು ಗೇಣಿಗೆ ಹಿಡಿದು ಅಲುಗಾಡಿಸುತ್ತಾ ಬನ್ನಿ. ಅಂಕಿ ಜಿಗಿದ ಜಾಗವೇ ದೋಷದ ಜಾಗ. ಬಾನೆಟ್ಟಿನೊಳಗೆ ತಂಬಾಕಿನ ಒಣ ಎಲೆ ಇಡುವ ಅಭ್ಯಾಸ ಬಿಡಿ, ಬಿಸಿ ಸೈಲೆನ್ಸರ್ ಪೈಪಿನ ಬಳಿ ಅದು ಬೆಂಕಿಗೆ ದಾರಿ. ಕೆಳಗಿನಿಂದ ಹತ್ತುವ ಸಂದಿಗೆ ಕಬ್ಬಿಣದ ಜಾಲರಿ, ವೈರಿಂಗ್‌ಗೆ ಶಾಖ ತಡೆಯುವ ಗಟ್ಟಿ ಕೊಳವೆ ಹಾಕಿಸುವುದು ನಿಲ್ಲುವ ಪರಿಹಾರ.

ಕೂಡಿಸುವುದನ್ನು ಸರಿಯಾಗಿ ಕೂಡಿಸಿ

ತುಂಡಾದ ವೈರನ್ನು ಕೈಯಲ್ಲಿ ತಿರುಚಿ ಟೇಪು ಸುತ್ತಿದರೆ ಎಂಜಿನ್ ಶಾಖಕ್ಕೆ ಟೇಪಿನ ಅಂಟು ಕರಗಿ, ಮುಂದಿನ ಮಳೆಗಾಲಕ್ಕೆ ಅದೇ ದೋಷ ಅದೇ ಜಾಗದಲ್ಲಿ ಬರುತ್ತದೆ. ಕಿಲುಬು ಹತ್ತಿದ ಭಾಗವನ್ನು ಕೆಂಪು ತಾಮ್ರ ಕಾಣುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ಹೊಸ ವೈರಿನ ತುಂಡು ಸೇರಿಸಿ, ತಾಮ್ರದ ಸ್ಲೀವ್ ಹಾಕಿ ಕ್ರಿಂಪಿಂಗ್ ಪ್ಲೈಯರಿನಿಂದ ಒತ್ತಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿ ಕಾಯಿಸಿ. ಬೆಸುಗೆಯೂ ಒಳ್ಳೆಯದೇ, ಆದರೆ ಅಲುಗಾಡುವ ಜಾಗದಲ್ಲಿ ಬೆಸುಗೆಯ ಅಂಚಿನಲ್ಲೇ ವೈರು ಮುರಿಯುತ್ತದೆ. ಹತ್ತು ವೈರು ಕಡಿದಿದ್ದರೆ ಹತ್ತನ್ನೂ ಒಂದೇ ಜಾಗದಲ್ಲಿ ಕೂಡಿಸದೆ ಎರಡೆರಡು ಇಂಚು ಹಿಂದೆ ಮುಂದೆ ಮಾಡಿ.

ಕೆಲಸ ಮುಗಿದಮೇಲೆ ಯಾವ ಅಂಕಿ ತಪ್ಪಿತ್ತೋ ಅದನ್ನೇ ಮತ್ತೆ ಅಳೆದು ಚೀಟಿಯಲ್ಲಿ ಹಳೆಯದರ ಪಕ್ಕ ಬರೆಯಿರಿ. ಕಾವಲು ದೀಪಗಳನ್ನು ಅಂದೇ ಕೀಳಬೇಡಿ. ಹಿಂದೆ ಯಾವ ಪರಿಸ್ಥಿತಿಯಲ್ಲಿ ಗಾಡಿ ಕೈಕೊಡುತ್ತಿತ್ತೋ, ಅಂಥ ದೂರದ ಓಟ, ಅಂಥ ಮಳೆ, ಅಷ್ಟು ದಿನದ ನಿಲುಗಡೆ ಮೂರು ನಾಲ್ಕು ಸಲ ದಾಟಲಿ. ಆಮೇಲೆ ದೀಪದ ವೈರನ್ನು 50ನೇ ಟರ್ಮಿನಲಿನಿಂದ ಬಿಚ್ಚಿ, ಕೂಡಿಸಿದ್ದ ಜಾಗಕ್ಕೂ ಹೀಟ್ ಶ್ರಿಂಕ್ ಹಾಕಿ ಮುಚ್ಚಿ.